ಹೊಸೂರಿನ ನೊರೆಗೆ ಬೆಂಗಳೂರಿನ ವಿಳಾಸ

ಬೆಂಗಳೂರಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದರೆ ಹೊಸೂರಿನ ಪಕ್ಕದ ಕೆಲವರಪಳ್ಳಿ ಜಲಾಶಯದ ಗೇಟು ಎತ್ತಬೇಕಾಗುತ್ತದೆ. ಎತ್ತಿದ ಮೇಲೆ ಕೆಳಗಿನ ಹಳ್ಳಿಗಳವರಿಗೆ ನೀರಿಗಿಂತ ಮೊದಲು ಕಾಣುವುದು ನೊರೆ. ಗುಡ್ಡೆ ಗುಡ್ಡೆಯಾಗಿ ಎದ್ದು ನದಿ ದಾಟುವ ರಸ್ತೆಯನ್ನೇ ಮುಚ್ಚುತ್ತದೆ, ಗಾಳಿ ಬೀಸಿದರೆ ಹರಿದುಹೋಗಿ ಹೊಲಗಳ ಮೇಲೆ ಕೂರುತ್ತದೆ, ಮೂಗು ಬಿಡಲಾಗದ ವಾಸನೆ. ಟಿವಿಯವರು ಬರುತ್ತಾರೆ. ಇದು ಕರ್ನಾಟಕದಿಂದ ಬಂದದ್ದು ಎಂದು ಆ ಕಡೆಯವರು ಹೇಳುತ್ತಾರೆ, ಈ ಕಡೆಯವರು ಸುಮ್ಮನಿರುತ್ತಾರೆ. ವಾರದೊಳಗೆ ನೊರೆ ಇಳಿಯುತ್ತದೆ, ಸುದ್ದಿಯೂ ಇಳಿಯುತ್ತದೆ. ವರ್ಷ ವರ್ಷವೂ ಹೀಗೇ ಆಗುವುದರಿಂದ ಯಾರಿಗೂ ಗಾಬರಿಯಿಲ್ಲ. ಗಾಬರಿಯಾಗಲು ಇದೇ ಸರಿಯಾದ ಹೊತ್ತು ಎಂಬುದು ನಮ್ಮ ಅಭಿಪ್ರಾಯ. ನೊರೆಯ ದಡದಲ್ಲೇ ಒಂದು ಕೈಗಾರಿಕಾ ನಗರ ನಾಗಾಲೋಟದಲ್ಲಿ ಬೆಳೆಯುತ್ತಿದೆ. ಅದು ಎಷ್ಟು ನೀರು ಕುಡಿಯುತ್ತದೆ, ಆ ನೀರು ಎಲ್ಲಿಂದ ಬರಬೇಕು, ಬಳಸಿ ಬಿಟ್ಟದ್ದು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕವನ್ನು ಒಂದೇ ಕಡೆ ಕೂಡಿಸಿ ಇಟ್ಟವರು ಎರಡೂ ರಾಜ್ಯಗಳಲ್ಲಿ ಇಲ್ಲ.

ಕನ್ನಡಿಗರಿಗೆ ಹೊಸೂರು ದಾರಿಯಲ್ಲಿ ಸಿಗುವ ಊರು. ಎಲೆಕ್ಟ್ರಾನಿಕ್ ಸಿಟಿ, ಚಂದಾಪುರ, ಅತ್ತಿಬೆಲೆ ದಾಟಿದರೆ ಅಂಗಡಿ ಬೋರ್ಡುಗಳ ಲಿಪಿ ಬದಲಾಗುತ್ತದೆ. ಕಾವೇರಿ ಗಲಾಟೆಯಾದಾಗಲೆಲ್ಲ ಬಸ್ಸುಗಳು ಗಡಿಯಲ್ಲೇ ನಿಂತು, ಜನ ಮಕ್ಕಳನ್ನೂ ಬ್ಯಾಗನ್ನೂ ಹೊತ್ತು ನಡೆದು ದಾಟುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು, ಚೆನ್ನೈಯಿಂದ 300. ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸು ಎತ್ತರ. ಬೆಂಗಳೂರಿನದೇ ಹವೆ, ಅದೇ ಕೆಮ್ಮಣ್ಣು, ಅದೇ ರಾಗಿ. ಬೆಟ್ಟದ ಮೇಲೆ ಚಂದ್ರಚೂಡೇಶ್ವರ, ಕೆಳಗಿನ ಪೇಟೆಯಲ್ಲಿ ತೆಲುಗು, ಕನ್ನಡ, ತಮಿಳು, ಉರ್ದು ನಾಲ್ಕೂ ಬೆರೆತ ಮಾತು. ರಾಜಾಜಿ ಹುಟ್ಟಿದ ತೊರಪಳ್ಳಿ ಇಲ್ಲೇ ಹತ್ತಿರ. ಬಾಗಲೂರು, ತಳಿ ಕಡೆಯ ಗುಲಾಬಿ ಫೆಬ್ರುವರಿ ಬಂತೆಂದರೆ ವಿಮಾನ ಹತ್ತುತ್ತದೆ. ಚಳಿಗಾಲದಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡೂ ಇತ್ತ ಬರುತ್ತದೆ, ಅದರ ಹಿಂದೆ ಪಟಾಕಿ ಹಿಡಿದ ಅರಣ್ಯ ಇಲಾಖೆಯವರೂ.

1970ರ ದಶಕದವರೆಗೆ ಇದು ಬರಪೀಡಿತ ಧರ್ಮಪುರಿ ಜಿಲ್ಲೆಯ ತಾಲೂಕು ಪೇಟೆ, ಅಷ್ಟೆ. ಆಗ ತಮಿಳುನಾಡು ಸರ್ಕಾರ ಒಂದು ಜಾಣ ಲೆಕ್ಕ ಹಾಕಿತು. ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್ ಎಂದು ಸಾರ್ವಜನಿಕ ಉದ್ದಿಮೆಗಳ ಬೆನ್ನಿಗೆ ಬೆಂಗಳೂರು ದೊಡ್ಡ ಕೈಗಾರಿಕಾ ಊರಾಗಿತ್ತು. ಅಲ್ಲಿ ಕುಶಲ ಕೆಲಸಗಾರರಿದ್ದರು, ಎಂಜಿನಿಯರುಗಳಿದ್ದರು, ಬಿಡಿಭಾಗ ಮಾಡಿಕೊಡುವ ಶೆಡ್ಡುಗಳಿದ್ದವು. ಗಡಿಯ ಈಚೆ ಅಗ್ಗದ ಜಮೀನು ಕೊಟ್ಟು, ಹಿಂದುಳಿದ ಪ್ರದೇಶವೆಂದು ರಿಯಾಯಿತಿ ಸೇರಿಸಿದರೆ ಬೆಂಗಳೂರಿನ ಅನುಕೂಲವೆಲ್ಲ ತಮಿಳುನಾಡಿನ ಖಾತೆಗೆ ಬೀಳುತ್ತದೆ. 1971ರಲ್ಲಿ ಹುಟ್ಟಿದ್ದ ಸಿಪ್ಕಾಟ್, ಅಂದರೆ ನಮ್ಮ ಕೆಐಎಡಿಬಿಯ ದಾಯಾದಿ, ಹೊಸೂರಿನಲ್ಲಿ ಬಡಾವಣೆ ಹಾಕಿತು. 1980ರಲ್ಲಿ ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ ಬಂತು. ಅದೇ ವರ್ಷ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಬಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ ಮಕ್ಕಳನ್ನೆಲ್ಲ ಒಟ್ಟಿಗೆ ಹೇರಿಕೊಂಡು ದಕ್ಷಿಣದ ಹಳ್ಳಿ ರಸ್ತೆಗಳಲ್ಲಿ ಓಡಾಡಿದ ಗಾಡಿ ಅದು. ಆಮೇಲೆ ಟೈಟನ್.

ಟೈಟನ್ ಬಗ್ಗೆ ಎರಡು ಮಾತು ಹೆಚ್ಚಾದರೂ ಹೇಳಬೇಕು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಕೂಡಿ ಮಾಡಿದ ಕಂಪನಿ. ಗಡಿಯಾಚೆ ಎಚ್‌ಎಂಟಿ ದೇಶದ ಕೈಗಡಿಯಾರದ ದೊರೆಯಾಗಿದ್ದ ಕಾಲ. ಜರ್ಕ್ಸೀಸ್ ದೇಸಾಯಿ ಅವರ ನೇತೃತ್ವದಲ್ಲಿ ಟೈಟನ್ ಸುತ್ತಲ ಹಳ್ಳಿಗಳಿಂದ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತಂದು, ಕಣ್ಣಿಗೆ ಭೂತಗಾಜು ಕೊಟ್ಟು, ಗಡಿಯಾರ ಜೋಡಿಸುವುದನ್ನು ಕಲಿಸಿತು. ನೌಕರರಿಗೆಂದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿಂದ ಬಡಾವಣೆಯ ನಕ್ಷೆ ಬರೆಸಿತು. ಊರೊಂದನ್ನು ಕಟ್ಟುವುದೆಂದರೆ ಕಾರ್ಖಾನೆಯ ಶೆಡ್ಡು ಎಬ್ಬಿಸಿದಷ್ಟಕ್ಕೆ ಮುಗಿಯುವುದಿಲ್ಲ ಎಂಬ ಅರಿವು ಆ ದಿನಗಳಲ್ಲಿ ಯಾರಿಗೋ ಒಬ್ಬರಿಗೆ ಇತ್ತು. ಇವತ್ತು ಬರುತ್ತಿರುವ ದೊಡ್ಡ ದೊಡ್ಡ ಹೂಡಿಕೆಗಳ ಪತ್ರಿಕಾ ಪ್ರಕಟಣೆಗಳಲ್ಲಿ ಎಷ್ಟು ಸಾವಿರ ಕೋಟಿ, ಎಷ್ಟು ಸಾವಿರ ಉದ್ಯೋಗ ಎಂಬುದು ಮೊದಲ ಸಾಲಿನಲ್ಲೇ ಇರುತ್ತದೆ. ಎಷ್ಟು ಲೀಟರ್ ನೀರು ಎಂಬುದನ್ನು ಹುಡುಕಬೇಕು.

ಹೂಡಿಕೆಗಳೇನೋ ನಿಜವಾದವು. 2021ರಿಂದ ಏಥರ್ ಸ್ಕೂಟರುಗಳು ಹೊಸೂರಿನಲ್ಲಿ ತಯಾರಾಗುತ್ತಿವೆ. ಹೊಸೂರು ಈಗ ಸೇರಿರುವ ಕೃಷ್ಣಗಿರಿ ಜಿಲ್ಲೆಯದೇ ಪೋಚಂಪಳ್ಳಿಯಲ್ಲಿ ಓಲಾದ ವಿದ್ಯುತ್ ಸ್ಕೂಟರಿನ ಕಾರ್ಖಾನೆ. ಹೊಸೂರಿನ ಹೊರವಲಯದಲ್ಲಿ ಐಫೋನಿನ ಭಾಗಗಳನ್ನು ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್, ಅಲ್ಲಿ ಸಾವಿರಾರು ಹೆಣ್ಣುಮಕ್ಕಳು, ಅವರ ಹಾಸ್ಟೆಲುಗಳು, ಅವರನ್ನು ಹೊತ್ತು ತರುವ ಬಸ್ಸುಗಳ ಸಾಲು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು, 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. 2024ರ ಜೂನಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಇಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗಾಗುವ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಟ್ಟುವುದಾಗಿ ಸದನದಲ್ಲಿ ಘೋಷಿಸಿದರು. ಬೊಮ್ಮಸಂದ್ರದವರೆಗೆ 2025ರ ಆಗಸ್ಟಿನಲ್ಲಿ ಓಡತೊಡಗಿದ ನಮ್ಮ ಹಳದಿ ಮೆಟ್ರೊ ಮಾರ್ಗವನ್ನು ಹೊಸೂರಿಗೆ ಎಳೆಯಬೇಕೆಂಬ ಬೇಡಿಕೆ ಬೇರೆ ಇದೆ. ವಿದ್ಯುತ್ ತಂತಿಯ ತಾಂತ್ರಿಕ ತಕರಾರಿನಿಂದ ಹಿಡಿದು ಕನ್ನಡಿಗರ ಉದ್ಯೋಗದವರೆಗೆ ಅದರ ಸುತ್ತ ಜಗಳವೂ ಇದೆ. ಜಗಳಕ್ಕೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಆದರೆ ವಿಮಾನ, ಮೆಟ್ರೊ, ಯಾರಿಗೆ ಎಷ್ಟು ನೌಕರಿ ಎಂಬ ವಾದಗಳ ನಡುವೆ ಚರಂಡಿಯ ಹೆಸರನ್ನು ಯಾರೂ ಎತ್ತಿದ್ದು ಕೇಳಲಿಲ್ಲ.

ಈಗ ನೀರಿಗೆ ಬರೋಣ. ಹೊಸೂರು ಗಟ್ಟಿ ಬಂಡೆಯ ಮೇಲೆ ಕೂತ ಊರು. ಮಳೆ ಸಾಧಾರಣ, ಅಂತರ್ಜಲ ಬಂಡೆಯ ಬಿರುಕುಗಳಲ್ಲಿ ಸಿಕ್ಕಷ್ಟು, ಅದರಲ್ಲೂ ಜಿಲ್ಲೆಯ ಹಲವೆಡೆ ಫ್ಲೋರೈಡು. ಇರುವ ಒಂದೇ ನದಿ ದಕ್ಷಿಣ ಪಿನಾಕಿನಿ, ಗಡಿಯಾಚೆ ತೆನ್‌ಪೆಣ್ಣೈ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆ ಕೆರೆ ತುಂಬಿಸಿ, ಬೆಂಗಳೂರಿನ ಪೂರ್ವದ ಮಗ್ಗುಲಲ್ಲಿ ಹರಿದು ಗಡಿ ದಾಟುತ್ತದೆ. ಪುಸ್ತಕದಲ್ಲಿ ಹೀಗಿದೆ. ಮಳೆಗಾಲ ಬಿಟ್ಟರೆ ನಂದಿಯಿಂದ ಅದಕ್ಕೆ ಬರುವ ನೀರು ಲೆಕ್ಕಕ್ಕೇ ಸಿಗದಷ್ಟು. ಬೇಸಿಗೆಯಲ್ಲೂ ಅದು ಹರಿಯುತ್ತದೆಂದರೆ ಕಾರಣ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ. ನಗರದ ಬಚ್ಚಲು, ಅಡಿಗೆಮನೆ, ಶೌಚದ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ಪಿನಾಕಿನಿಗೆ. ಅದರ ಮೊದಲ ಪೆಟ್ಟು ಬೀಳುವುದು ಹೊಸೂರಿಗಲ್ಲ, ಮುಗಳೂರಿನಂಥ ನಮ್ಮದೇ ಹಳ್ಳಿಗಳಿಗೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿದ್ದಾಗ ಜಗತ್ತೆಲ್ಲ ನೋಡಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿದಾಗ ಆರಿಸಲು ಸೈನಿಕರೇ ಇಳಿಯಬೇಕಾಯಿತು. ಅಲ್ಲಿನ ನೊರೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೇಳುವುದು ಸರಳವಾಗಿಯೇ ಇದೆ. ಬಟ್ಟೆ, ಪಾತ್ರೆ ತೊಳೆಯುವ ಡಿಟರ್ಜೆಂಟಿನ ಅಂಶ ಕೆರೆಯೊಳಗೆ ಪೂರ್ತಿ ಕರಗಿ ಕೊಳೆಯುವುದಿಲ್ಲ, ಕೆಸರಿಗೆ ಅಂಟಿಕೊಂಡು ತಳದಲ್ಲಿ ಕೂಡುತ್ತಾ ಹೋಗುತ್ತದೆ. ಜೋರು ಮಳೆ ಬಂದು ಕೆಸರು ಕದಡಿದಾಗ ಮೇಲೆದ್ದು, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಬೆಳ್ಳಂದೂರಿನ ಕೋಡಿಗೆ ನಿಜವಾದದ್ದು ಕೆಲವರಪಳ್ಳಿಯ ಗೇಟಿಗೂ ನಿಜ. ಅಂದಮೇಲೆ ಮಳೆಗಾಲದ ನೊರೆ ಬೇಸಿಗೆಯಿಡೀ ಹರಿದುಬಂದ ಕೊಳೆಯ ರಸೀದಿ. ನೊರೆ ಇಲ್ಲದ ತಿಂಗಳುಗಳಲ್ಲಿ ನೀರು ಸ್ವಚ್ಛವಾಗಿದೆ ಎಂದು ತಿಳಿಯುವುದು ತಪ್ಪು. ಆ ತಿಂಗಳುಗಳಲ್ಲೇ ಕಾಲುವೆಯ ಮೂಲಕ ಅದು ಸಾವಿರಾರು ಎಕರೆಗೆ ಹರಿಯುತ್ತದೆ. ಅಲ್ಲಿ ಬೆಳೆದ ತರಕಾರಿ ಹೊಸೂರು ಮಾರುಕಟ್ಟೆಗೆ ಬಂದು, ಲಾರಿಯೇರಿ, ಬೆಳಗಾಗುವುದರೊಳಗೆ ಬೆಂಗಳೂರಿನ ಮಂಡಿಗೆ ತಲುಪುತ್ತದೆ. ಕೊಟ್ಟದ್ದು ತಿರುಗಿ ನಮ್ಮ ತಟ್ಟೆಗೇ ಬಂತು.

ಕೊಳೆ ಮನೆಗಳಿಂದ ಮಾತ್ರ ಬರುವುದಿಲ್ಲ. ಆನೇಕಲ್ ತಾಲೂಕಿನ ಬೊಮ್ಮಸಂದ್ರ, ಜಿಗಣಿ, ಹೆಬ್ಬಗೋಡಿ, ಅತ್ತಿಬೆಲೆಯ ಕಾರ್ಖಾನೆ ಸಾಲು ಮತ್ತು ಅದರ ಸುತ್ತ ಎದ್ದ ಬಡಾವಣೆಗಳ ಹಳ್ಳಗಳೂ ಚಂದಾಪುರ, ಮುತ್ತಾನಲ್ಲೂರು ಕೆರೆಗಳ ಸರಣಿ ಹಿಡಿದು ಇದೇ ನದಿಯ ಕಡೆ ಇಳಿಯುತ್ತವೆ. ಚಂದಾಪುರ ಕೆರೆಯ ಸ್ಥಿತಿ ನೋಡಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಸರ ಪರಿಹಾರದ ದಂಡ ಹಾಕಿತು. ಇಷ್ಟು ದೊಡ್ಡ ಮೊತ್ತ ಕೇಳಿ ನಾವು ಒಂದು ದಿನ ಬೆಚ್ಚಿಬಿದ್ದೆವು, ಮರುದಿನ ಚುನಾವಣೆಯ ಸುದ್ದಿಗೆ ಹೋದೆವು. ಆ ದಂಡಕ್ಕೆ ಕಾರಣವಾದ ನೀರು ಮಾತ್ರ ಹರಿದುಹೋಗಿ ಹೊಸೂರು ಸೇರಿತು.

ಇದರಲ್ಲೊಂದು ವಿಚಿತ್ರವಿದೆ, ನೀರಿನ ರಾಜಕೀಯ ಮಾಡುವ ಎರಡೂ ಕಡೆಯವರು ಹೇಳಲು ಹಿಂಜರಿಯುವಂಥದ್ದು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಆಧಾರದ ಮೇಲೆ ಕಾವೇರಿ ನ್ಯಾಯಮಂಡಳಿ 2007ರಲ್ಲಿ ನಗರದ ಪಾಲನ್ನು ಕತ್ತರಿಸಿತ್ತು. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪದೆ ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ಎತ್ತುವ ಸಾಮರ್ಥ್ಯ ಬಂತು. ಈ ನೀರನ್ನು ಬಳಸಿದ ಮೇಲೆ ಏನಾಗುತ್ತದೆ? ನಗರದ ಪೂರ್ವ ಭಾಗದಲ್ಲಿ ಬಳಸಿದ ಕಾವೇರಿ ಪಿನಾಕಿನಿಯಾಗಿ ಹೊಸೂರಿಗೆ ಇಳಿಯುತ್ತದೆ. ಇತ್ತ ಹೊಸೂರಿನ ನಲ್ಲಿಗೆ ಬರುವುದೂ ಕಾವೇರಿಯೇ. ಜಪಾನಿನ ಸಾಲ ಪಡೆದು 1,928 ಕೋಟಿ ರೂಪಾಯಿಯಲ್ಲಿ ಕಟ್ಟಿ 2013ರಲ್ಲಿ ಚಾಲೂ ಮಾಡಿದ ಹೊಗೇನಕಲ್ ಯೋಜನೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಫ್ಲೋರೈಡು ಪೀಡೆಗೆ ಮದ್ದೆಂದು ಆದದ್ದು. ಕಾವೇರಿಯ ಆಳದ ಕಮರಿಯಿಂದ ಹೊಸೂರಿನ ಎತ್ತರಕ್ಕೆ ಬರಲು ಆ ನೀರು 600 ಮೀಟರಿಗೂ ಮೇಲೆ ಏರಬೇಕು. ಒಂದೇ ನದಿಯನ್ನು ಕೆಳಗಿನಿಂದ ಪಂಪು ಮಾಡಿ ಕುಡಿಯುವ ಊರು, ಅದೇ ನದಿಯ ಉಳಿಕೆಯನ್ನು ಮೇಲಿನಿಂದ ಕೊಳಕಾಗಿ ಪಡೆಯುತ್ತಿದೆ.

ನಮ್ಮ ಎಚ್ಚರಿಕೆಯ ಮುಖ್ಯ ಮಾತು ಇದಕ್ಕೂ ಮುಂದಿದೆ. ನೊರೆಯ ಬಗ್ಗೆ ಮಾತಾಡುವವರೆಲ್ಲ ಬೆಂಗಳೂರು ತನ್ನ ಕೊಳಚೆಯನ್ನು ಸರಿಯಾಗಿ ಶುದ್ಧೀಕರಿಸಿಬಿಟ್ಟರೆ ಹೊಸೂರಿನ ಕಷ್ಟ ಮುಗಿಯಿತು ಎಂದು ಭಾವಿಸುತ್ತಾರೆ. ಮುಗಿಯುವುದಿಲ್ಲ. ಶುದ್ಧವಾದ ನೀರನ್ನು ಯಾರು ತಾನೆ ಹೊರಗೆ ಬಿಡುತ್ತಾರೆ? 2018ರಲ್ಲಿ ಆರಂಭವಾದ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಯೋಜನೆ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಕೊಡಬೇಕೆಂಬ ಗುರಿಯದು. ಎರಡನೇ ಹಂತದ ಶುದ್ಧೀಕರಣ ಸಾಲದೆಂಬ ಆಕ್ಷೇಪ ಅಲ್ಲಿ ಇವತ್ತಿಗೂ ಇದೆ, ಅದು ಬೇರೆ ಚರ್ಚೆ. ಹೆಬ್ಬಾಳ–ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕಡೆಗೆ. ಬರಗಾಲದ ಜಿಲ್ಲೆಗಳಿಗೆ ಇದು ಬೇಕೇ ಬೇಕು, ತಕರಾರಿಲ್ಲ. ಬೆಂಗಳೂರಿನ ಕಾರ್ಖಾನೆ, ಕಟ್ಟಡ, ಉದ್ಯಾನಗಳೂ ಮುಂದೆ ಇದನ್ನೇ ಕೇಳಲಿವೆ. ಹೀಗೆ ಒಂದೊಂದೇ ಕಾಲುವೆ ತಿರುಗಿದಂತೆ ಕೆಲವರಪಳ್ಳಿಗೆ ಬೇಸಿಗೆಯಲ್ಲಿ ಬರುವ ಹರಿವು ಕಡಿಮೆಯಾಗುತ್ತದೆ, ಉಳಿದದ್ದು ಇನ್ನಷ್ಟು ಗಟ್ಟಿ ಕೊಳೆಯಾಗುತ್ತದೆ. ಹೊಸೂರು ಇವತ್ತು ಕೊಳಕು ನೀರಿನ ಊರು. ಹತ್ತು ಹದಿನೈದು ವರ್ಷದಲ್ಲಿ ಅದು ನೀರೇ ಇಲ್ಲದ ಊರಾಗಬಹುದು, ಅದೂ ಆ ಹೊತ್ತಿಗೆ ಜನಸಂಖ್ಯೆ ಇಮ್ಮಡಿಯಾದ ಮೇಲೆ. ಮೇಲಿನವರು ಬಿಸಾಡಿದ್ದನ್ನು ನಂಬಿ ಕಾರ್ಖಾನೆಗಳ ನಗರ ಕಟ್ಟಲಾಗದು.

ಗಡಿಯಲ್ಲಿ ನಡೆಯುವ ವ್ಯಾಜ್ಯ ಇದನ್ನೆಲ್ಲ ಮುಟ್ಟುವುದೂ ಇಲ್ಲ. ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕೋಲಾರ ಜಿಲ್ಲೆಯ ಯರಗೋಳಿನಲ್ಲಿ ಕರ್ನಾಟಕ ಅಣೆಕಟ್ಟು ಕಟ್ಟಿದಾಗ ತಮಿಳುನಾಡು 1892ರ ಮದ್ರಾಸ್–ಮೈಸೂರು ಒಪ್ಪಂದವನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ಅದರ ಮಧ್ಯಂತರ ಕೋರಿಕೆ ವಜಾ ಆಯಿತು, ನ್ಯಾಯಮಂಡಳಿ ಬೇಕಾದರೆ ಕೇಂದ್ರವನ್ನು ಕೇಳಿ ಎಂದಿತು ನ್ಯಾಯಾಲಯ. ಆಮೇಲಿನದು ಸಮಿತಿ, ಸಂಧಾನ, ಪತ್ರ ವ್ಯವಹಾರ. ಇದೆಲ್ಲ ನಡೆಯುತ್ತಿರುವುದು ಎಷ್ಟು ನೀರು ಯಾರಿಗೆ ಎಂಬುದರ ಮೇಲೆ. ನೀರು ಎಂಥದ್ದು ಎಂಬುದು ಇನ್ನೊಂದು ಕಾಯಿದೆಯ ಕೆಳಗೆ, 1974ರ ಜಲ ಮಾಲಿನ್ಯ ಕಾಯಿದೆಯ ಕೆಳಗೆ, ಎರಡು ರಾಜ್ಯಗಳ ಎರಡು ಮಾಲಿನ್ಯ ನಿಯಂತ್ರಣ ಮಂಡಳಿಗಳ ಪಾಲಿಗೆ ಬರುತ್ತದೆ. ಟಿಎಂಸಿಯ ಜಗಳಕ್ಕೆ ದೆಹಲಿಯ ದೊಡ್ಡ ವಕೀಲರಿದ್ದಾರೆ. ನೊರೆಯ ಪರವಾಗಿ ಹಾಜರಾಗುವವರು ಯಾರೂ ಇಲ್ಲ.

ಎಚ್ಚರಿಕೆಯನ್ನು ಕೇಳದೆ ಹೋದರೆ ಏನಾಗುತ್ತದೆಂದು ತಿಳಿಯಲು ತಮಿಳುನಾಡಿನವರು ದೂರ ಹೋಗಬೇಕಿಲ್ಲ. ತಿರುಪ್ಪೂರಿನ ಹತ್ತಿರ ನೊಯ್ಯಲ್ ನದಿಗೆ ನೀರಾವರಿಗೆಂದು ಒರತ್ತುಪಾಳಯಂ ಅಣೆಕಟ್ಟು 1992ರಲ್ಲಿ ಮುಗಿಯಿತು. ಬನಿಯನ್ ಬಟ್ಟೆಗೆ ಬಣ್ಣ ಹಾಕುವ ನೂರಾರು ಘಟಕಗಳು ಉಪ್ಪು ಮತ್ತು ರಾಸಾಯನಿಕ ಬೆರೆತ ನೀರನ್ನು ನೊಯ್ಯಲ್ಲಿಗೆ ಬಿಟ್ಟವು. ಕೆಲವೇ ವರ್ಷಗಳಲ್ಲಿ ಅಣೆಕಟ್ಟು ಆ ತ್ಯಾಜ್ಯದ ತೊಟ್ಟಿಯಾಯಿತು. ಯಾರಿಗಾಗಿ ಕಟ್ಟಿದರೋ ಆ ರೈತರೇ ಈ ನೀರನ್ನು ನಮ್ಮ ಹೊಲಕ್ಕೆ ಬಿಡಬೇಡಿ ಎಂದು ಕೋರ್ಟಿನ ಮೆಟ್ಟಿಲು ಹತ್ತಿದರು. ಸರ್ಕಾರ, ಮಂಡಳಿ, ಉದ್ಯಮಿಗಳು ಎಲ್ಲರೂ ಗಡುವು ಕೇಳುತ್ತಾ ಹೋದರು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಒಂದೇ ಏಟಿಗೆ ಮುಚ್ಚಿಸಿತು. ಸಾವಿರಾರು ಕೂಲಿಗಳು ರಾತ್ರೋರಾತ್ರಿ ಊರು ಬಿಟ್ಟರು. ಈಗ ತಿರುಪ್ಪೂರು ತ್ಯಾಜ್ಯದ ಒಂದು ಹನಿಯನ್ನೂ ಹೊರಬಿಡದ ಶುದ್ಧೀಕರಣ ಪದ್ಧತಿಯನ್ನು ಅಳವಡಿಸಿಕೊಂಡು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇಪ್ಪತ್ತು ವರ್ಷ ಮೊದಲೇ ಮಾಡಿದ್ದರೆ ನದಿಯೂ ಉಳಿಯುತ್ತಿತ್ತು, ಖರ್ಚೂ. ಹೊಸೂರಿನ ವ್ಯತ್ಯಾಸವೆಂದರೆ ಇಲ್ಲಿ ತಪ್ಪಿತಸ್ಥರ ಬಹುಪಾಲು ಗಡಿಯಾಚೆ ಇದ್ದಾರೆ, ಚೆನ್ನೈಯ ನ್ಯಾಯಾಲಯದ ಕೈಗೆ ಅವರು ಸಿಗುವುದಿಲ್ಲ.

ಇನ್ನೊಂದು ಪಾಠ ಬೆಂಗಳೂರಿನದೇ. 2024ರ ಮಾರ್ಚಿನಲ್ಲಿ ಸರ್ಕಾರವೇ ಹೇಳಿದ ಲೆಕ್ಕದಂತೆ ನಗರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಮೊದಲು ಒಣಗಿದ್ದು ಹಳೆಯ ಮಲ್ಲೇಶ್ವರ ಬಸವನಗುಡಿಗಳಲ್ಲ, ಕಾವೇರಿ ಕೊಳವೆ ತಲುಪುವ ಮೊದಲೇ ಗೋಪುರ ಕಟ್ಟಿಕೊಂಡ ವೈಟ್‌ಫೀಲ್ಡ್, ಮಹದೇವಪುರದಂಥ ಹೊಸ ಐಟಿ ಪ್ರದೇಶಗಳು. ಹೊಸೂರು ಈಗ ನಿಂತಿರುವುದು ಮಹದೇವಪುರ 2000ದಲ್ಲಿ ನಿಂತಿದ್ದ ಜಾಗದಲ್ಲಿ. ಅದೇ ಕಂಪನಿ ಬಸ್ಸು, ಅದೇ ಅಪಾರ್ಟ್‌ಮೆಂಟ್ ಜಾಹೀರಾತು, ಕೆರೆಯಂಗಳದವರೆಗೆ ಬಂದು ನಿಂತ ಅದೇ ಸೈಟುಗಳು. ಮಹಾನಗರಪಾಲಿಕೆಯೆಂಬ ಹೆಸರು ಬಂದಿದ್ದರೂ ಊರಿನ ಬಹುಭಾಗಕ್ಕೆ ಒಳಚರಂಡಿ ಇಲ್ಲ. ಕರ್ನಾಟಕದ ಕಡೆ ಬೆರಳು ತೋರಿಸುವ ಹೊಸೂರು ತನ್ನ ಕೊಳೆಯನ್ನೂ ಅದೇ ಪಿನಾಕಿನಿಗೆ ಸೇರಿಸಿ ಕೃಷ್ಣಗಿರಿ ಅಣೆಕಟ್ಟಿಗೆ, ಅಲ್ಲಿಂದ ಸಾತನೂರಿಗೆ ಸಾಗಹಾಕುತ್ತಿದೆ. ಮೇಲಿನವರು ನಮಗೆ ಮಾಡಿದ್ದನ್ನೇ ನಾವು ಕೆಳಗಿನವರಿಗೆ ಮಾಡುವುದರಲ್ಲಿ ಭಾಷೆಯ ಭೇದವೇನೂ ಇಲ್ಲ.

ಸಣ್ಣ ಕೈಗಾರಿಕೆಯ ವಿಷಯವನ್ನೂ ಇಲ್ಲೇ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಲಾರಿ ಮತ್ತು ಮೊಪೆಡ್ ಕಾರ್ಖಾನೆಗಳ ನೆರಳಲ್ಲಿ ಬೆಳೆದ ಹೊಸೂರಿನ ಲೇತು, ಎರಕ, ಶೀಟುಲೋಹದ ಘಟಕಗಳಲ್ಲಿ ಎಷ್ಟೋ ಎಂಜಿನ್ ಮತ್ತು ಗೇರುಪೆಟ್ಟಿಗೆಯ ಭಾಗಗಳ ಮೇಲೆ ಬದುಕಿರುವಂಥವು. ವಿದ್ಯುತ್ ಗಾಡಿಯಲ್ಲಿ ಆ ಭಾಗಗಳೇ ಇರುವುದಿಲ್ಲ. ಹೊಸ ಕಾರ್ಖಾನೆ ಬಂತೆಂದು ಊರು ಹಿಗ್ಗುತ್ತಿರುವಾಗ ಹಳೆಯ ಶೆಡ್ಡುಗಳು ಸದ್ದಿಲ್ಲದೆ ಆರ್ಡರು ಕಳೆದುಕೊಳ್ಳುವ ಅಪಾಯವಿದೆ. ತ್ಯಾಜ್ಯ ಶುದ್ಧೀಕರಣಕ್ಕೆ ಖರ್ಚು ಮಾಡಿ ಎಂದು ನಾಳೆ ಹೇಳಿದಾಗ ಮೊದಲು ಬಾಗಿಲು ಹಾಕುವವರೂ ಇವರೇ.

ಹಾಗಾದರೆ ಈಗ ಆಗಬೇಕಾದ್ದೇನು? ಮೊಟ್ಟಮೊದಲು, ಪಿನಾಕಿನಿ ಗಡಿ ದಾಟುವ ಜಾಗದಲ್ಲಿ ಎರಡೂ ಮಂಡಳಿಗಳು ಕೂಡಿ ಇಟ್ಟ, ಸದಾ ಅಳೆಯುವ ಮಾಪಕ ಬೇಕು. ಅದರ ಅಂಕಿಗಳು ಕನ್ನಡದಲ್ಲೂ ತಮಿಳಿನಲ್ಲೂ ಅಂದಂದೇ ಜನಕ್ಕೆ ಕಾಣಬೇಕು; ಡಿಟರ್ಜೆಂಟು, ಅಮೋನಿಯದ ಜೊತೆ ಭಾರಲೋಹಗಳೂ ಅದರಲ್ಲಿರಬೇಕು. ಇವತ್ತಿನಂತೆ ನೊರೆ ಎದ್ದ ದಿನ ಬಾಟಲಿ ಹಿಡಿದು ಓಡಿದರೆ ಯಾರ ಪಾಲು ಎಷ್ಟು ಎಂಬುದು ಎಂದಿಗೂ ಇತ್ಯರ್ಥವಾಗದು. ಇದಕ್ಕೆ ನ್ಯಾಯಮಂಡಳಿ ಬರುವವರೆಗೆ ಕಾಯಬೇಕಿಲ್ಲ, ಇಬ್ಬರು ಮುಖ್ಯ ಕಾರ್ಯದರ್ಶಿಗಳ ಒಂದು ಸಭೆ ಸಾಕು. ಕರ್ನಾಟಕ ಇದನ್ನು ನೆರೆಯವರಿಗೆ ಮಾಡುವ ಉಪಕಾರವೆಂದು ತಿಳಿಯಬೇಕಾಗಿಯೂ ಇಲ್ಲ, ಆ ನದಿಯ ನೀರು ಮುಟ್ಟಲಾಗದೆ ಕೂತವರಲ್ಲಿ ನಮ್ಮ ರೈತರೂ ಇದ್ದಾರೆ. ಆನೇಕಲ್ ತಾಲೂಕಿನ ಪುರಸಭೆಗಳಿಗೆ ಒಳಚರಂಡಿ, ಕಾರ್ಖಾನೆಗಳಿಗೆ ಸಾಮೂಹಿಕ ಶುದ್ಧೀಕರಣ ಘಟಕ, ಇವಕ್ಕೆ ಮುಂದಿನ ಬಜೆಟ್ಟಿನಲ್ಲಿ ಹಣ ಕಾಣಿಸದಿದ್ದರೆ 500 ಕೋಟಿಯ ದಂಡದಿಂದ ನಾವು ಕಲಿತದ್ದೇನೂ ಇಲ್ಲವೆಂದೇ ಅರ್ಥ.

ತಮಿಳುನಾಡು ಮಾಡಬೇಕಾದ್ದು ಇನ್ನೂ ಸ್ಪಷ್ಟವಾಗಿದೆ, ಯಾಕೆಂದರೆ ಅದನ್ನು ಬೇರೆ ಊರಿನಲ್ಲಿ ಮಾಡಿ ತೋರಿಸಿದೆ. ಚೆನ್ನೈಯ ಕೋಯಂಬೇಡಿನಲ್ಲಿ ನಗರದ ಕೊಳಚೆಯನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕದಿಂದ ಶ್ರೀಪೆರುಂಬುದೂರು, ಒರಗಡಂ ಕಾರ್ಖಾನೆಗಳಿಗೆ 2019ರಿಂದ ಕೊಡಲಾಗುತ್ತಿದೆ. ಕಾರು ಮಾಡುವವರಿಗೆ ಆಗುವ ನೀರು ಸ್ಕೂಟರು ಮಾಡುವವರಿಗೆ ಆಗದೇ? ಹೊಸೂರಿನ ಒಳಚರಂಡಿಯನ್ನು ಮುಗಿಸಿ, ಅದರ ನೀರನ್ನು ಸಿಪ್ಕಾಟಿಗೆ ಕಟ್ಟುವವರೆಗೆ ಹೊಸ ಕಾರ್ಖಾನೆಗಳಿಗೆ ಜಮೀನು ಹಂಚುವಾಗ ನೀರಿನ ಮೂಲವನ್ನು ಕಾಗದದ ಮೇಲೆ ತೋರಿಸಿ ಎಂದು ಕೇಳಬೇಕು. ಹೊಗೇನಕಲ್ ಎಂದು ಬರೆದು ತಂದವರನ್ನು ವಾಪಸು ಕಳಿಸಬೇಕು, ಅದು ಜನರ ಕುಡಿಯುವ ನೀರು. 3 ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣದ ಯೋಜನಾ ವರದಿಯಲ್ಲಿ ರನ್‌ವೇಯ ಉದ್ದದ ಜೊತೆಗೆ ಒಂದು ಪುಟ ಇದಕ್ಕೂ ಮೀಸಲಾಗಲಿ.

ಮೆಟ್ರೊ ಹೊಸೂರಿಗೆ ಹೋಗಬೇಕೋ ಬೇಡವೋ ಎಂದು ಎರಡು ರಾಜ್ಯಗಳ ಅಧಿಕಾರಿಗಳು ಎಂದಾದರೂ ಮುಖಾಮುಖಿ ಕೂತೇ ಕೂರುತ್ತಾರೆ. ಆ ಸಭೆಯ ಕಾರ್ಯಸೂಚಿಯಲ್ಲಿ ಪಿನಾಕಿನಿಯನ್ನು ಮೊದಲ ವಿಷಯವಾಗಿ ಸೇರಿಸುವಂತೆ ಕರ್ನಾಟಕವೇ ಪತ್ರ ಬರೆಯಲಿ. ಕೊಳೆ ಬಿಡುತ್ತಿರುವವರು ನಾವು, ಮೊದಲು ಬರೆಯಬೇಕಾದವರೂ ನಾವೇ.